ಸರ್ಜನ್ ಸಾಹೇಬರಿಗೆ ಕಣ್ಣು ಹೊಡೆದ ಹುಡುಗಿ

ಮಗುವಿನ ಕಣ್ಣು ನೋಡುವ ಮೊದಲು, ಆ ಮಗು ಬಾಗಿಲಿನಿಂದ ನಿಮ್ಮ ಮೇಜಿನವರೆಗೆ ನಡೆದು ಬರುವುದನ್ನು ನೋಡಿ. ಹೊಸದಾಗಿ ಕಣ್ಣಿನ ಡಾಕ್ಟರಾಗುವವರು ಯಾರಾದರೂ ನನ್ನ ಹತ್ತಿರ ಬಂದರೆ ನಾನು ಮೊದಲು ಹೇಳುವ ಮಾತು ಇದು. ಪಾಪ, ತಲೆಯಾಡಿಸುತ್ತಾರೆ. ವಯಸ್ಸಾದವಳು ಹೇಳುತ್ತಿದ್ದಾಳೆ ಎಂದು ಗೌರವ ಕೊಡುತ್ತಾರೆಯೇ ಹೊರತು ಅವರ ನಂಬಿಕೆಯೆಲ್ಲ ಸ್ಕ್ಯಾನಿಂಗ್ ಯಂತ್ರದ ಮೇಲೆ. ಅವರನ್ನು ಬೈಯುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ಆ ವಯಸ್ಸಿನಲ್ಲಿ ನನಗೂ ಅಂಥದ್ದೊಂದು ಯಂತ್ರ ಸಿಕ್ಕಿದ್ದರೆ ನಾನೂ ಅದಕ್ಕೇ ಜೋತು ಬೀಳುತ್ತಿದ್ದೆ. ಸಿಗಲಿಲ್ಲ, ಹಾಗಾಗಿ ಮಕ್ಕಳ ನಡಿಗೆ ನೋಡುವುದನ್ನು ಕಲಿತೆ.

ಬೆಂಗಳೂರಿನಲ್ಲಿ ಕಣ್ಣಿನ ತರಬೇತಿ ಮುಗಿಸಿಕೊಂಡು ನಾನು ಚಿತ್ರದುರ್ಗಕ್ಕೆ ಬಂದದ್ದು ಎಪ್ಪತ್ತರ ದಶಕದ ಮೊದಮೊದಲಿನಲ್ಲಿ. ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು ಊರಿನ ಕೆಲವು ವರ್ತಕರು ಸೇರಿ ನಡೆಸುತ್ತಿದ್ದ ಒಂದು ಧರ್ಮಾಸ್ಪತ್ರೆ. ಅದು ಈಗಿಲ್ಲ, ಕಟ್ಟಡವೂ ಇಲ್ಲ, ಹೆಸರು ಬರೆದು ಮಾಡುವುದೂ ಏನಿಲ್ಲ. ಕಣ್ಣಿನ ವಿಭಾಗ ಎಂದರೆ ಒಂದು ಕೋಣೆ, ಅದಕ್ಕೊಂದು ಕಪ್ಪು ಪರದೆ. ನನ್ನ ಆಸ್ತಿಯೂ ಅಷ್ಟಕ್ಕಷ್ಟೆ. ಕಣ್ಣಿನ ಹಿಂಭಾಗ ನೋಡುವ ಕೈದೀಪ, ಒಂದು ಟಾರ್ಚು, ಗಾಜಿನ ಪಟ್ಟಕಗಳ ಒಂದು ಪೆಟ್ಟಿಗೆ, ಮತ್ತು ಒಂದು ತುಂಡು ಕೆಂಪು ಗಾಜು. ದುರ್ಗದ ಗಾಳಿಗೆ ಆ ಪರದೆ ಹಾರಿ ಹಾರಿ ಕೋಣೆಯೊಳಗೆ ಬೆಳಕು ನುಗ್ಗುತ್ತಿತ್ತು. ಕೊನೆಗೆ ಅದರ ಅಂಚಿಗೆ ಕೋಟೆಯ ಬುಡದಿಂದ ಹೆಕ್ಕಿ ತಂದ ಕಲ್ಲುಗಳನ್ನು ಹೊಲಿಸಿದೆ. ಅಲ್ಲಿದ್ದಷ್ಟು ಕಾಲವೂ ಆ ಕಲ್ಲುಗಳು ಇದ್ದವು.

ವಾರದಲ್ಲಿ ಮೂರು ದಿನ ದುರ್ಗ. ಉಳಿದ ದಿನ ಬಸ್ಸು ಹತ್ತಿ ಹೊಳಲ್ಕೆರೆಗೋ ಹಿರಿಯೂರಿಗೋ ಹೊಸದುರ್ಗಕ್ಕೋ ಹೋಗಿ, ಛತ್ರದಲ್ಲೋ ಶಾಲೆಯಲ್ಲೋ ಕೂತು ಕಣ್ಣು ನೋಡಬೇಕು. ಆ ಕಾಲದಲ್ಲಿ ನಮ್ಮ ಕಡೆ ಹೆಂಗಸು ಡಾಕ್ಟರು ಎಂದರೆ ಹೆರಿಗೆ ಡಾಕ್ಟರು ಎಂದೇ ಲೆಕ್ಕ. ಮೊದಲ ಸಲ ಹೊಳಲ್ಕೆರೆಯಲ್ಲಿ ಅಕ್ಷರದ ಹಲಗೆ ತೂಗುಹಾಕಿ ಕೂತಿದ್ದೇನೆ, ಎತ್ತಿನ ಗಾಡಿಯಿಂದ ಒಬ್ಬ ಬಸುರಿಯನ್ನು ಇಳಿಸಿಕೊಂಡು ಅವಳ ಅತ್ತೆ ಒಳಗೆ ಬಂದರು. ನಾನು ಕಣ್ಣಿನ ಡಾಕ್ಟರು ಎಂದೆ. ಆಕೆ, "ಕಣ್ಣು ಆಮ್ಯಾಕೆ ನೋಡೀರಂತೆ, ಮದ್ಲು ಇವಳ್ನ ನೋಡ್ರಿ," ಎಂದು ನನ್ನ ಮೇಜಿನ ಮೇಲಿದ್ದ ಕನ್ನಡಕದ ಪೆಟ್ಟಿಗೆಯನ್ನು ತಾವೇ ಎತ್ತಿ ಕೆಳಗಿಟ್ಟರು. ನೋಡಿದೆ. ಗಂಡು ಮಗು. ಹೊರಗೆ ಸಾಲಿನಲ್ಲಿ ಕೂತಿದ್ದ ಪೊರೆಯ ಮುದುಕರೆಲ್ಲ ಮಗುವನ್ನು ನೋಡಿಯೇ ಹೋಗುತ್ತೇವೆಂದು ಹಟ ಹಿಡಿದರು. ನನಗೆ ಬಂದ ಸಿಟ್ಟು ಸಂಜೆ ಬಸ್ಸಿನಲ್ಲಿ ನಗುವಾಗಿ ಹೋಯಿತು.

ಮಕ್ಕಳ ಕಣ್ಣಿನ ವಿಷಯದಲ್ಲಿ ಆಗಿನ ತಿಳಿವಳಿಕೆ ಎಷ್ಟಿತ್ತು ಎಂದು ಈಗಿನವರಿಗೆ ಹೇಳಿದರೆ ನಂಬುವುದು ಕಷ್ಟ. ಮೆಳ್ಳೆಗಣ್ಣಿನ ಮಗು ಬಂದರೆ ದೊಡ್ಡದಾಗಲಿ, ಆಮೇಲೆ ನೋಡೋಣ ಎಂದು ಓದಿದ ಡಾಕ್ಟರೇ ಕಳಿಸುತ್ತಿದ್ದರು. ಮನೆಯವರಿಗಂತೂ ಮೆಳ್ಳೆಗಣ್ಣು ಅದೃಷ್ಟ. ಆದರೆ ಅದೇ ಹೊತ್ತಿಗೆ ಹೊರದೇಶಗಳಲ್ಲಿ ಬೆಕ್ಕಿನ ಮರಿಗಳ ಮೇಲೆ ನಡೆದ ಪ್ರಯೋಗಗಳ ಸುದ್ದಿ ಬೆಂಗಳೂರಿಗೆ ಬರತೊಡಗಿತ್ತು. ಹುಟ್ಟಿದ ಹೊಸದರಲ್ಲಿ ಮರಿಯ ಒಂದು ಕಣ್ಣು ಮುಚ್ಚಿಟ್ಟರೆ, ಆಮೇಲೆ ತೆರೆದರೂ ಆ ಕಣ್ಣು ಕಾಣುವುದಿಲ್ಲವಂತೆ. ಕಣ್ಣಿಗೇನೂ ಆಗಿರುವುದಿಲ್ಲ, ಮೆದುಳು ಅದನ್ನು ಲೆಕ್ಕದಿಂದ ಬಿಟ್ಟಿರುತ್ತದೆ. ನೋಡುವುದನ್ನೂ ಮಗು ಮಾತು ಕಲಿತ ಹಾಗೆ ಕಲಿಯಬೇಕು, ಕಲಿಯುವ ಕಾಲ ದಾಟಿದರೆ ಮುಗಿಯಿತು. ಇದು ತಿಳಿದ ಮೇಲೆ ನನಗೆ ಸುಮ್ಮನೆ ಕೂರಲಾಗುತ್ತಿರಲಿಲ್ಲ. ಆಮೇಲೆ ನೋಡೋಣ ಎಂದು ಯಾರಾದರೂ ಹೇಳಿದರೆ ಅವರ ಮೇಲೆ ರೇಗುತ್ತಿದ್ದೆ.

ಹಿರಿಯೂರಿನ ಹತ್ತಿರದ ಹಟ್ಟಿಯೊಂದರ ಮಗುವಿಗೆ ಒಂದು ಕಣ್ಣು ಹೀಗೆ ಮಂಕಾಗಿತ್ತು. ಚೆನ್ನಾಗಿ ಕಾಣುವ ಕಣ್ಣಿಗೆ ಪಟ್ಟಿ ಕಟ್ಟಿದೆ, ಮಂಕು ಕಣ್ಣು ದುಡಿಯಲಿ ಎಂದು. ಮುಂದಿನ ಸಲ ಹೋದಾಗ ಪಟ್ಟಿ ಮಂಕು ಕಣ್ಣಿನ ಮೇಲಿತ್ತು. ಕೇಳಿದರೆ ತಾಯಿ ನನಗೇ ದಬಾಯಿಸಿದಳು. "ಕಾಣೋ ಕಣ್ಣು ಕಟ್ಟಿ ಕಾಣದ ಕಣ್ಣು ಬಿಡಾಕೆ ನನಗೇನು ಹುಚ್ಚೇನ್ರಿ ಅಮ್ಮಾರೆ?" ಅವಳ ಮಾತಿನಲ್ಲಿ ತಪ್ಪೇನಿತ್ತು? ಕೂರಿಸಿಕೊಂಡು ವಿವರಿಸಿದೆ. ಮಂಕು ಕಣ್ಣಿಗೆ ಸೂಕ್ಷ್ಮದ ಕೆಲಸ ಕೊಡಬೇಕು, ಪುಸ್ತಕ ಇಲ್ಲ, ಆಟದ ಸಾಮಾನಿಲ್ಲ. ಅವರ ಮನೆ ಮುಂದೆ ಆಗತಾನೆ ಕತ್ತರಿಸಿದ ಕರಿ ಉಣ್ಣೆ ರಾಶಿ ಬಿದ್ದಿತ್ತು, ಅದರ ತುಂಬ ಕುರಿಗಳು ಬೇಲಿಯಿಂದ ಮೆತ್ತಿಸಿಕೊಂಡು ಬಂದ ಮುಳ್ಳುಬೀಜ. ದಿನಾ ಇದನ್ನು ಆರಿಸಲಿ ಎಂದೆ. ಕರಿ ಉಣ್ಣೆಯೊಳಗಿನ ಸಣ್ಣ ಬೀಜ ಹುಡುಕುವುದಕ್ಕಿಂತ ಒಳ್ಳೆಯ ಕಣ್ಣಿನ ವ್ಯಾಯಾಮವನ್ನು ನಾನು ಇವತ್ತಿನವರೆಗೂ ಕಂಡಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಆ ಮಗು ಅಕ್ಷರದ ಹಲಗೆಯ ಕೆಳಗಿನ ಸಣ್ಣ ಸಾಲುಗಳಿಗೆ ಇಳಿದಿತ್ತು. ಅಲ್ಲಿಂದ ಮುಂದೆ ಕುರಿ ಸಾಕುವ ಮನೆಗಳಿಗೆಲ್ಲ ಉಣ್ಣೆಯನ್ನೇ ಔಷಧಿಯಾಗಿ ಬರೆದುಕೊಟ್ಟೆ.

ಈಗ ನಮ್ಮ ಸರ್ಜನ್ ಸಾಹೇಬರ ವಿಷಯಕ್ಕೆ ಬರುತ್ತೇನೆ. ಆಸ್ಪತ್ರೆಗೆ ಅವರೇ ದೊಡ್ಡವರು. ಮಿಲಿಟರಿಯಲ್ಲಿ ಇದ್ದು ಬಂದವರು, ದಪ್ಪ ದನಿ, ವೇಗದ ಕೈ. ಬೆಳಗಾಗೆದ್ದು ಕೋಟೆ ಹತ್ತಿ ಇಳಿದು ಬಂದು ವಾರ್ಡಿನೊಳಗೆ ಕಾಲಿಟ್ಟರೆ ನರ್ಸುಗಳ ಮಾತು ನಿಂತುಹೋಗುತ್ತಿತ್ತು. ಕಣ್ಣಿನ ವಿಭಾಗವನ್ನು ಅವರು ವಿಭಾಗ ಎಂದೇ ಗಣಿಸಿರಲಿಲ್ಲ. ನನ್ನನ್ನು ಹೆಸರು ಹಿಡಿದು ಕರೆದವರೂ ಅಲ್ಲ, "ಕಣ್ಣಮ್ಮ" ಎನ್ನುತ್ತಿದ್ದರು. ನಾನು ಮೂತಿ ಗಂಟು ಹಾಕಿಕೊಂಡಷ್ಟೂ ಅವರಿಗೆ ಖುಷಿ. ಆದರೆ ರೋಗಿಗೆ ನೋವಾದರೆ ಅಲ್ಲಿಂದ ಕದಲುತ್ತಿರಲಿಲ್ಲ. ಆ ಒಂದು ಗುಣಕ್ಕೆ ನಾನು ಅವರ ಉಳಿದೆಲ್ಲವನ್ನೂ ಸಹಿಸಿಕೊಂಡಿದ್ದೆ.

ಒಂದು ದಿನ ಬೆಳಿಗ್ಗೆ ಅವರೇ ನನ್ನ ಕೋಣೆಯ ಪರದೆ ಸರಿಸಿ ಒಳಗೆ ಬಂದರು. ಯಾವತ್ತೂ ಬಂದವರಲ್ಲ.

"ಕಣ್ಣಮ್ಮ, ನನಗೆ ಐವತ್ತು ದಾಟಿದೆ. ಈ ವಯಸ್ಸಲ್ಲಿ ಒಬ್ಬ ಹುಡುಗಿ ನನಗೆ ಕಣ್ಣು ಹೊಡೀತಿದ್ದಾಳೆ. ಇದು ನಿಮ್ಮ ಇಲಾಖೆ, ಬಂದು ವಿಚಾರಿಸಿ."

ಅವರ ಹಿಂದೆ ವಾರ್ಡಿಗೆ ಹೋದೆ. ಹುಡುಗಿಗೆ ಎಂಟು ವರ್ಷವಿರಬಹುದು. ಹೆಸರು ಕೆಂಚಮ್ಮ, ಹೊಸದುರ್ಗದ ಕಡೆಯ ಒಂದು ಹಟ್ಟಿಯವಳು. ಹುಟ್ಟಿದಾಗಿನಿಂದ ಕುತ್ತಿಗೆ ವಾರೆ, ತಲೆ ಯಾವಾಗಲೂ ಎಡ ಭುಜದ ಕಡೆಗೆ ಬಾಗಿರುತ್ತದೆ ಎಂದು ಸೇರಿಸಿದ್ದರು. ಕುತ್ತಿಗೆಯ ಸ್ನಾಯು ಗಿಡ್ಡವಾಗಿದೆ, ಅದನ್ನು ಕತ್ತರಿಸಿ ಸಡಿಲ ಮಾಡುತ್ತೇನೆ ಎಂದು ಸರ್ಜನ್ ಸಾಹೇಬರು ತೀರ್ಮಾನಿಸಿದ್ದರು. ಅರಿವಳಿಕೆ ಕೊಡುವ ಡಾಕ್ಟರು ಮರುದಿನ ದಾವಣಗೆರೆಯಿಂದ ಬರುವವರಿದ್ದರು. ಅಷ್ಟರೊಳಗೆ ಕುತ್ತಿಗೆ ಎಷ್ಟು ಹಿಗ್ಗುತ್ತದೆ ನೋಡೋಣವೆಂದು ಗಟ್ಟಿ ತೊಗಲಿನ ಪಟ್ಟಿಯೊಂದನ್ನು ಕೊರಳಿಗೆ ಬಿಗಿಸಿ ತಲೆಯನ್ನು ನೆಟ್ಟಗೆ ನಿಲ್ಲಿಸಿದ್ದರು. ಹುಡುಗಿ ಮಂಚದ ಮೇಲೆ ಕೂತು ಬಲಗಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡು ಎಡಗಣ್ಣಿನಲ್ಲಿ ನಮ್ಮನ್ನು ನೋಡುತ್ತಿದ್ದಳು.

ಪಕ್ಕದಲ್ಲಿದ್ದ ಅಜ್ಜಿಗೆ ನಾಚಿಕೆಯೋ ನಾಚಿಕೆ. "ಬೈಬ್ಯಾಡ್ರಿ ಅಮ್ಮಾರೆ. ತಲೆ ನೆಟ್ಟಗೆ ಮಾಡಿದ್ರೆ ಇವ್ಳು ಹಿಂಗೇ ಕಣ್ಣು ಹೊಡೀತಾಳೆ. ಊರಾಗೆ ಬಿದಿರು ದಬ್ಬೆ ಕಟ್ಸಿದ್ವಿ, ಆವಾಗ್ಲೂ ಹಿಂಗೇ. ಇಸ್ಕೂಲಾಗೆ ಮೇಷ್ಟ್ರಿಗೇ ಕಣ್ಣು ಹೊಡ್ದು ಏಟು ತಿಂದವ್ಳೆ. ದಬ್ಬೆ ಕಟ್ಟಿದ್ಮ್ಯಾಲೆ ಬಿಂದ್ಗೆಗೆ ನೀರು ಹುಯ್ಯಂದ್ರೆ ಪಕ್ಕಕ್ಕೆ ಹುಯ್ತಿದ್ಲು. ಹಟಮಾರಿ ಆಗ್ಯಾಳೆ ಅಂತ ನಾವೇ ಬಿಚ್ಚಾಕಿದ್ವಿ. ಹಾಲುರಾಮೇಶ್ವರಕ್ಕೂ ಹೋಗಿ ಕೊಳದ ಮುಂದೆ ಕುಂತು ಬೇಡ್ಕಂಡು ಬಂದ್ವಿ. ಏನೂ ಆಗ್ಲಿಲ್ಲ."

ನೀರು ಪಕ್ಕಕ್ಕೆ ಸುರಿಯುತ್ತಿದ್ದಳು ಎಂಬ ಮಾತು ಕೇಳಿದ್ದೇ ನನಗೆ ಮೈಯೆಲ್ಲ ಎಚ್ಚರವಾಯಿತು. ತೊಗಲಿನ ಪಟ್ಟಿ ಬಿಚ್ಚಿದೆ. ತಲೆ ಹೋಗಿ ಎಡ ಭುಜಕ್ಕೆ ವಾಲಿತು, ಬಲಗಣ್ಣು ತಾನಾಗಿ ತೆರೆಯಿತು. ಆ ಬಲಗಣ್ಣಿನ ಮುಂದೆ ನನ್ನ ಅಂಗೈ ಅಡ್ಡ ಹಿಡಿದು, ಬಾಗಿಲ ಕಡೆ ನೋಡುತ್ತಾ ಇರು ಎಂದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ತಲೆ ಮೆಲ್ಲಗೆ ಮೇಲೆದ್ದಿತು. ಯಾರೂ ಮುಟ್ಟದೆ, ಯಾರೂ ಹೇಳದೆ, ನೆಟ್ಟಗೆ ಬಂದು ನಿಂತಿತು. ಕೈ ತೆಗೆದೆ, ಮತ್ತೆ ವಾಲಿತು.

"ಇದೇನ್ರಿ ಇದು, ಮಾಟ ಮಾಡಿದಂಗೆ," ಎಂದರು ಅಜ್ಜಿ.

ನಾನು ಸರ್ಜನ್ ಸಾಹೇಬರ ಕಡೆ ತಿರುಗಿ, ಇದು ಕುತ್ತಿಗೆಯ ಕಾಯಿಲೆ ಅಲ್ಲ ಸರ್, ಮೆದುಳಿನಿಂದ ಕಣ್ಣಿಗೆ ಬರುವ ನಾಲ್ಕನೆಯ ನರದ್ದು ಎಂದೆ. ವಾರ್ಡಿನಲ್ಲಿ ಎಲ್ಲರೆದುರಿಗೆ ಹಾಗೆ ಹೇಳಬಾರದಿತ್ತು, ಹೇಳಿಯಾಗಿತ್ತು. ಅವರ ಮುಖ ಕೆಂಪಾಯಿತು.

"ಇಷ್ಟು ವರ್ಷ ಕುತ್ತಿಗೆ ನೋಡಿದ್ದೀನಿ, ಕಣ್ಣಮ್ಮ."

"ನೀವೇ ತಲೆ ನೆಟ್ಟಗೆ ಮಾಡಿ ನೋಡಿ ಸರ್. ಸ್ನಾಯು ಎಳೆದು ಹಿಡಿಯುತ್ತಾ?"

ಹಿಡಿಯಲಿಲ್ಲ. ತಲೆ ಬೆಣ್ಣೆಯ ಹಾಗೆ ತಿರುಗಿತು. ಮಕ್ಕಳ ಕುತ್ತಿಗೆ ಮೃದು ಇರುತ್ತೆ ಎಂದು ಗೊಣಗಿದರು. ಆದರೆ ಅಂಗೈಯನ್ನು ಹುಡುಗಿಯ ಬಲಗಣ್ಣಿಗೆ ಅಡ್ಡ ಹಿಡಿದರು. ತಲೆ ಎದ್ದಿತು. ಕೈ ತೆಗೆದರು, ವಾಲಿತು. ಮತ್ತೆ ಹಿಡಿದರು. ಮತ್ತೆ ತೆಗೆದರು. ಹೊಸ ಆಟದ ಸಾಮಾನು ಸಿಕ್ಕಿದವರ ಹಾಗೆ ಎಷ್ಟು ಸಲ ಮಾಡಿದರೋ, ಕೊನೆಗೆ ಹುಡುಗಿಗೇ ನಗು ಬಂದುಬಿಟ್ಟಿತು. ಅವರು ಸ್ಟೂಲಿನ ಮೇಲೆ ಕೂತರು. ನರ್ಸು ತಂದ ಕಾಫಿಯನ್ನು ಕುಡಿಯದೆ ಹಾಗೇ ಹಿಡಿದುಕೊಂಡಿದ್ದರು.

"ನಾಳೆ ಕುಯ್ದಿದ್ದರೆ ಏನಾಗುತ್ತಿತ್ತು?" ಎಂದು ಕೇಳಿದರು. ಅಷ್ಟು ಮೆತ್ತಗಿನ ದನಿಯನ್ನು ಅವರಲ್ಲಿ ನಾನು ಅದುವರೆಗೆ ಕೇಳಿರಲಿಲ್ಲ.

ಹೇಳಿದೆ. ಕಣ್ಣು ಮೇಲೆ ಹೋಗದ ಹಾಗೆ ಹಿಡಿದಿಡುವ ಒಂದು ಸ್ನಾಯು ಇದೆ. ಅದಕ್ಕೆ ಬರುವ ನರ ಮೆದುಳಿನ ಹಿಂಬದಿಯಿಂದ ಹೊರಟು ಸುತ್ತಿ ಬಳಸಿ ಬರುತ್ತದೆ, ಕೂದಲಿನಷ್ಟು ಸಪೂರ. ಈ ಹುಡುಗಿಗೆ ಬಲಗಡೆಯ ಆ ನರ ಹುಟ್ಟಿದಾಗಿನಿಂದಲೇ ಸೋತಿದೆ. ತಲೆ ನೆಟ್ಟಗಿಟ್ಟರೆ ಬಲಗಣ್ಣು ಮೇಲೇರುತ್ತದೆ, ಎಲ್ಲವೂ ಒಂದರ ಮೇಲೊಂದು ಎರಡೆರಡಾಗಿ ಕಾಣುತ್ತದೆ. ತಲೆ ಎಡಕ್ಕೆ ಬಾಗಿಸಿದರೆ ಎರಡೂ ಕಣ್ಣು ಒಂದು ಮಟ್ಟಕ್ಕೆ ಬರುತ್ತವೆ. ಇದನ್ನು ಯಾರೂ ಅವಳಿಗೆ ಕಲಿಸಿಲ್ಲ, ಕೂಸಾಗಿದ್ದಾಗ ತಾನೇ ಕಂಡುಕೊಂಡ ಉಪಾಯ. ದಬ್ಬೆ ಕಟ್ಟಿ ತಲೆ ನಿಲ್ಲಿಸಿದಾಗ ಆ ಉಪಾಯ ತಪ್ಪಿತು, ಅದಕ್ಕೆ ಒಂದು ಕಣ್ಣು ಮುಚ್ಚಿಕೊಂಡಳು, ಒಂದೇ ಕಣ್ಣಿಗೆ ಅಂದಾಜು ತಪ್ಪಿ ನೀರು ಬಿಂದಿಗೆಯ ಪಕ್ಕಕ್ಕೆ ಬಿತ್ತು. ಕುತ್ತಿಗೆ ಕುಯ್ದು ತಲೆಯನ್ನು ನೆಟ್ಟಗೆ ಬಿಗಿದು ಕೂರಿಸಿದ್ದರೆ, ಎರಡೂ ಕಣ್ಣನ್ನು ಸೇರಿಸಿ ನೋಡುವುದನ್ನು ಅವಳ ಮೆದುಳು ಮರೆತುಬಿಡಬಹುದಿತ್ತು. ಕೊರಳ ಮೇಲೆ ಗಾಯದ ಗುರುತು ಬೇರೆ.

ಕೆಂಪು ಗಾಜನ್ನು ಅವಳ ಬಲಗಣ್ಣಿಗೆ ಹಿಡಿದು, ತಲೆ ನೆಟ್ಟಗಿಡಿಸಿ, ಟಾರ್ಚು ತೋರಿಸಿದೆ. "ಎಷ್ಟು ದೀಪ ಐತವ್ವ?" ಎಂದರೆ, "ಎರಡು," ಎಂದಳು. ಬಿಳಿದು ಮೇಲೆ, ಕೆಂಪು ಕೆಳಗೆ. ಬಲಕ್ಕೆ ಬಾಗಿಸಿದರೆ ಎರಡೂ ಇನ್ನಷ್ಟು ದೂರ ಹೋದವು. ಎಡಕ್ಕೆ ಬಾಗಿಸಿದಾಗ ಕೂಡಿಕೊಂಡವು. ಸರ್ಜನ್ ಸಾಹೇಬರು ಎಲ್ಲವನ್ನೂ ಗಮನಿಸಿದರು. ಹುಡುಗಿಯ ಎಡಗೆನ್ನೆ ಬಲಗೆನ್ನೆಗಿಂತ ಒಂದಿಷ್ಟು ಚಿಕ್ಕದಿತ್ತು, ವರ್ಷಗಟ್ಟಲೆ ತಲೆ ಒಂದೇ ಕಡೆ ಬಾಗಿಸಿದ ಮಕ್ಕಳಲ್ಲಿ ಹಾಗಾಗುತ್ತದೆ. ಕೈದೀಪ ಹಿಡಿದು ಕಣ್ಣಿನ ಹಿಂಭಾಗ ನೋಡಿದೆ, ನರದ ತುದಿ ಊದಿರಲಿಲ್ಲ. ತಲೆಯೊಳಗೆ ಗಡ್ಡೆ ಗಿಡ್ಡೆ ಏನೂ ಬೆಳೆದಿಲ್ಲ, ಇದು ಹಳೆಯದು ಎಂದು ನಿರ್ಧಾರಕ್ಕೆ ಬರಲು ಆಗ ನಮಗಿದ್ದ ಆಧಾರ ಇವೇ. ಈಗಿನವರು ಇಂಥ ಮಗುವನ್ನು ಸ್ಕ್ಯಾನಿಂಗಿಗೆ ಕಳಿಸಿ ನರವನ್ನೇ ಚಿತ್ರದಲ್ಲಿ ನೋಡುತ್ತಾರೆ. ಒಳ್ಳೆಯದೇ ಆಯಿತು, ನಾನು ಅದರ ವಿರೋಧಿಯಲ್ಲ. ಆದರೆ ಅಂಗೈ ಅಡ್ಡ ಹಿಡಿಯುವುದನ್ನು ಮರೆಯಬೇಡಿ, ಅದಕ್ಕೆ ಕರೆಂಟು ಬೇಕಾಗಿಲ್ಲ.

ಮರುದಿನದ ಆಪರೇಷನ್ ರದ್ದಾಯಿತು. ನಿಜವಾದ ಗಲಾಟೆ ಶುರುವಾದದ್ದು ಆಮೇಲೆ. ಹುಡುಗಿಯ ಅಪ್ಪ ಜುಂಜಣ್ಣ ಮಧ್ಯಾಹ್ನದ ಬಸ್ಸಿಗೆ ಬಂದ. ಹೆಗಲ ಮೇಲೆ ಕಂಬಳಿ, ಕಾಲಲ್ಲಿ ಟೈರಿನ ಚಪ್ಪಲಿ. ಮಗಳ ಕುತ್ತಿಗೆ ಕುಯ್ಯುತ್ತಾರೆ ಎಂಬುದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು ಬಂದವನಿಗೆ, ಇಲ್ಲ, ಕಣ್ಣಿನ ಸ್ನಾಯು ಕುಯ್ಯಬೇಕು ಎಂದರೆ ಹೇಗಾಗಬೇಡ?

"ಕುತ್ಗೆ ವಾರೆ ಐತೆ ಅಂತ ಬಂದ್ವಿ. ಕಣ್ಣು ಕುಯ್ತೀವಿ ಅಂತೀರಿ. ನಾಳಿಕ್ಕೆ ಕಾಲು ಅಂತೀರಿ."

ಸರ್ಜನ್ ಸಾಹೇಬರು ತಮ್ಮ ಮಿಲಿಟರಿ ದನಿಯಲ್ಲಿ, "ಏನಪ್ಪ, ಡಾಕ್ಟ್ರು ಹೇಳಿದ್ದು ಕೇಳಬೇಕು," ಎಂದರು. ಅಲ್ಲಿಗೆ ಇದ್ದದ್ದೂ ಕೆಟ್ಟಿತು. ಜುಂಜಣ್ಣ ಮಂಚದ ಕೆಳಗಿದ್ದ ಬುತ್ತಿ ಗಂಟನ್ನು ಎಳೆದುಕೊಂಡು ಕಟ್ಟತೊಡಗಿದ. "ಏಳವ್ವ, ಹೋಗಾಣ. ಹೆಂಗೈತೋ ಹಂಗೇ ಇರ್ಲಿ. ನಮ್ ಹಟ್ಟೀಲಿ ವಾರೆ ಕುತ್ಗೇನೋರು ಬದುಕಲ್ವಾ?"

ಅವನು ಹೇಳುವುದರಲ್ಲೂ ಸತ್ಯವಿತ್ತು, ಬದುಕುತ್ತಾರೆ. ಆದರೆ ಊರಿಗೆ ಹೋದ ಮೇಲೆ ಯಾರಾದರೂ ಮತ್ತೆ ದಬ್ಬೆ ಕಟ್ಟುತ್ತಾರೆ, ಮೇಷ್ಟರು ಮತ್ತೆ ಬೆತ್ತ ತೆಗೆಯುತ್ತಾರೆ, ಇವಳು ಮತ್ತೆ ಒಂದು ಕಣ್ಣು ಮುಚ್ಚಿಕೊಳ್ಳುತ್ತಾಳೆ. ಅದು ನನಗೆ ಕಣ್ಣಿಗೆ ಕಟ್ಟಿದ ಹಾಗಿತ್ತು. ಬಾಗಿಲಿಗೆ ಅಡ್ಡ ನಿಂತೆ.

"ಜುಂಜಣ್ಣ, ಹೋಗೋದಿದ್ರೆ ಹೋಗಿ. ಒಂದು ಕೆಲಸ ಮಾಡಿ ಹೋಗಿ. ಕೆಳರೆಪ್ಪೆ ಮೇಲೆ ಬೆರಳಿಟ್ಟು ಒಂದು ಕಣ್ಣನ್ನು ಕೆಳಗಡೆಯಿಂದ ಮೆಲ್ಲಗೆ ಒತ್ತಿ. ಎರಡೂ ಕಣ್ಣು ಬಿಟ್ಟಿರಿ. ನಿಮ್ಮವ್ವನ ಕಡೆ ನೋಡಿ."

ನನ್ನ ಕೈಯಿಂದ ತಪ್ಪಿಸಿಕೊಂಡರೆ ಸಾಕು ಎಂಬ ಹಾಗೆ ಒತ್ತಿದ. ನೀವೂ ಒತ್ತಿ ನೋಡಬಹುದು, ಮೆಲ್ಲಗೆ. ಅವನ ಬಾಯಿ ತುಸು ತೆರೆಯಿತು.

"ಇಬ್ರು ಕಾಣ್ತಾರೆ."

"ಹಂಗೇ ಒತ್ಕೊಂಡು ಆ ಕಿಟಕಿವರೆಗೂ ಹೋಗಿ ಬನ್ನಿ."

ಹೋದ. ಅರ್ಧ ದಾರಿಯಲ್ಲಿ ಮಂಚದ ಕಾಲಿಗೆ ಎಡವಿದ, ಕಂಬಿ ಹಿಡಿಯಲು ಹೋಗಿ ಗಾಳಿ ಹಿಡಿದ. ಬೆರಳು ತೆಗೆದ. ಮತ್ತೆ ಇಟ್ಟ. ಕಿಟಕಿಯ ಹತ್ತಿರ ಹೋದವನು ನಮಗೆ ಬೆನ್ನು ಹಾಕಿಕೊಂಡೇ ನಿಂತು ಕೇಳಿದ.

"ನನ್ ಕೂಸು ಹುಟ್ಟಿದಾಗಿಂದ ಇದ್ರಾಗೇ ಐತೇನ್ರಿ ಅಮ್ಮಾರೆ?"

ಹೂಂ, ತಲೆ ನೆಟ್ಟಗಿಟ್ಟಾಗಲೆಲ್ಲ ಎಂದೆ. ಬುತ್ತಿ ಗಂಟನ್ನು ಅಜ್ಜಿಯೇ ಬಿಚ್ಚಿ ಮಂಚದ ಕೆಳಗೆ ತಳ್ಳಿದರು.

ಒಪ್ಪಿಸಿದ್ದೇನೋ ಆಯಿತು, ಮಾಡುವವರು ಯಾರು? ಈ ಆಪರೇಷನ್ನನ್ನು ಬೆಂಗಳೂರಿನಲ್ಲಿ ನನ್ನ ಗುರುಗಳು ಮಾಡುವಾಗ ಪಕ್ಕದಲ್ಲಿ ನಿಂತಿದ್ದೆ, ಸ್ವಂತ ಕೈಯಲ್ಲಿ ಮಾಡಿರಲಿಲ್ಲ. ಬೆಂಗಳೂರಿಗೆ ಕರೆದುಕೊಂಡು ಹೋಗಿ ಎಂದರೆ ಜುಂಜಣ್ಣ ಸುತಾರಾಂ ಒಪ್ಪಲಿಲ್ಲ. "ಕುರಿ ಯಾರು ನೋಡ್ತಾರೆ? ನೀವು ಕಂಡುಹಿಡಿದ್ರಿ, ನೀವೇ ಮಾಡ್ರಿ," ಎಂದ. ಮುಂದಿನ ತಿಂಗಳು ಬನ್ನಿ ಎಂದು ಅವರನ್ನು ಊರಿಗೆ ಕಳಿಸಿ, ಯಾರೂ ದಬ್ಬೆ ಕಟ್ಟಕೂಡದು ಎಂದು ಅಜ್ಜಿಯಿಂದ ಮಾತು ತೆಗೆದುಕೊಂಡೆ. ನಾನು ರಜೆ ಹಾಕಿ ಬೆಂಗಳೂರಿಗೆ ಹೋಗಿ ಗುರುಗಳ ಮುಂದೆ ಮತ್ತೆ ವಿದ್ಯಾರ್ಥಿನಿಯಾಗಿ ನಿಂತೆ. ವಾಪಸು ಬಂದ ಮೇಲೆ ಮಟನ್ ಅಂಗಡಿಯಿಂದ ಕುರಿಯ ತಲೆ ತರಿಸಿಕೊಂಡು ಅದರ ಕಣ್ಣಿನ ಸ್ನಾಯುಗಳ ಮೇಲೆ ಕೈ ಪಳಗಿಸಿಕೊಂಡೆ. ಆ ತಿಂಗಳೆಲ್ಲ ನನ್ನ ಕೋಣೆಯ ಕಡೆ ನರ್ಸುಗಳು ಮೂಗು ಮುಚ್ಚಿಕೊಂಡು ಓಡಾಡಿದರು. ಸರ್ಜನ್ ಸಾಹೇಬರು ಮಾತ್ರ ದಿನಾ ಬಂದು ನನ್ನ ಹೊಲಿಗೆ ನೋಡಿ, ಗಂಟು ದಪ್ಪವಾಯಿತು, ಬಿಚ್ಚಿ ಹಾಕಿ ಎಂದು ಹೇಳಿ ಹೋಗುತ್ತಿದ್ದರು. ಅವರ ಮೇಲೆ ನನಗೆ ಎಷ್ಟು ಸಿಟ್ಟು ಬರುತ್ತಿತ್ತೋ ಅಷ್ಟೇ ಧೈರ್ಯವೂ ಬರುತ್ತಿತ್ತು.

ಆಪರೇಷನ್ ದಿನ ಇನ್ನೊಂದು ಭಯ. ಮಗುವಿನ ಕಣ್ಣಿನ ಸ್ನಾಯುವನ್ನು ಕೊಕ್ಕೆಯಿಂದ ಎಳೆದರೆ ಕೆಲವು ಸಲ ಹೃದಯದ ಬಡಿತ ಇಳಿದುಬಿಡುತ್ತದೆ. ಕಣ್ಣಿಗೂ ಹೃದಯಕ್ಕೂ ನಡುವೆ ಹಾಗೊಂದು ನರದ ಸಂಬಂಧ ಇದೆ. ಈಗ ಬಡಿತವನ್ನು ಪರದೆಯ ಮೇಲೆ ತೋರಿಸುವ ಯಂತ್ರ ಪ್ರತಿ ಕೋಣೆಯಲ್ಲೂ ಇದೆ. ನಮ್ಮಲ್ಲಿ ಇರಲಿಲ್ಲ. ಅರಿವಳಿಕೆ ಡಾಕ್ಟರು ಈಥರಿನ ಕಡೆ ಗಮನ ಕೊಡಬೇಕು, ನಾಡಿ ಹಿಡಿಯುವವರು ಯಾರು ಎಂದು ನಾನು ಯೋಚಿಸುತ್ತಿದ್ದಾಗ ಸರ್ಜನ್ ಸಾಹೇಬರು ಸ್ಟೂಲು ಎಳೆದುಕೊಂಡು ಮೇಜಿನ ಪಕ್ಕ ಕೂತು ಹುಡುಗಿಯ ಮಣಿಕಟ್ಟು ಹಿಡಿದರು. ಆ ಆಸ್ಪತ್ರೆಯಲ್ಲಿ ಇನ್ನೊಬ್ಬರ ಆಪರೇಷನ್ನಿನಲ್ಲಿ ಅವರು ಹಾಗೆ ಕೂತದ್ದನ್ನು ಯಾರೂ ನೋಡಿರಲಿಲ್ಲ.

ಸೋತ ಸ್ನಾಯುವನ್ನು ಬಲಪಡಿಸುವುದು ಕಷ್ಟ. ಅದಕ್ಕೆ ಎದುರಾಗಿ ಕಣ್ಣನ್ನು ಮೇಲಕ್ಕೆ ಎಳೆಯುವ ಇನ್ನೊಂದು ಸ್ನಾಯುವನ್ನು ಸಡಿಲಿಸಿದರೆ ಎರಡೂ ಸಮಕ್ಕೆ ಬರುತ್ತವೆ. ಆ ಸ್ನಾಯುವನ್ನು ಹುಡುಕಿ ಕೊಕ್ಕೆ ಹಾಕಿ ಎಳೆದೆ.

"ಬಿಡಿ," ಎಂದರು ಸರ್ಜನ್ ಸಾಹೇಬರು.

ಬಿಟ್ಟೆ. ಕೋಣೆಯಲ್ಲಿ ಈಥರಿನ ವಾಸನೆ. ಸರ್ಜನ್ ಸಾಹೇಬರ ತುಟಿ ಎಣಿಸುತ್ತಾ ಅಲ್ಲಾಡುತ್ತಿತ್ತು. ನನಗೆ ಕಿಟಕಿಯ ಹತ್ತಿರ ನಿಂತಿದ್ದ ಜುಂಜಣ್ಣನ ಬೆನ್ನು ನೆನಪಾಯಿತು. ಹಟ ಹಿಡಿದು ಒಪ್ಪಿಸಿದವಳು ನಾನು.

"ಹೂಂ, ಬಂತು. ಈಗ ಎಳೀರಿ. ಮೆಲ್ಲಗೆ."

ಇನ್ನೂ ಒಂದು ಸಲ ಹಾಗೆಯೇ ಬಿಡಿ ಎಂದರು, ಹಾಗೆಯೇ ಕಾದೆವು. ಆಮೇಲೆ ತೊಂದರೆ ಆಗಲಿಲ್ಲ. ಸ್ನಾಯುವನ್ನು ಬಿಡಿಸಿ, ಹಿಂದಕ್ಕೆ ಸರಿಸಿ ಹೊಲಿದೆ. ಗಂಟು ತೆಳುವಾಗಿಯೇ ಬಂತು. ಕಣ್ಣಿಗೆ ಪಟ್ಟಿ ಕಟ್ಟಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಜುಂಜಣ್ಣ ಒಂದು ಎಳನೀರು ಕೆತ್ತಿ ನನ್ನ ಕೈಗೆ ಕೊಟ್ಟ. ಹೊಸದುರ್ಗದಿಂದ ಚೀಲದಲ್ಲಿ ಹೊತ್ತು ತಂದಿದ್ದನಂತೆ. ಅಂಥ ಎಳನೀರನ್ನು ಮತ್ತೆ ಕುಡಿದ ನೆನಪು ನನಗಿಲ್ಲ.

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚುವಾಗ ಅಪ್ಪ, ಅಜ್ಜಿ, ಸರ್ಜನ್ ಸಾಹೇಬರು ಎಲ್ಲರೂ ಮಂಚದ ಸುತ್ತ ನಿಂತಿದ್ದರು. ಬಿಳಿಗುಡ್ಡೆ ಕೆಂಪಾಗಿತ್ತು, ರೆಪ್ಪೆ ಊದಿತ್ತು, ಅದು ಸಹಜ. ಹಳೆಯ ಅಭ್ಯಾಸಕ್ಕೆ ಕೆಂಚಮ್ಮನ ತಲೆ ಎಡಕ್ಕೇ ಬಾಗಿತ್ತು. ಗಲ್ಲ ಹಿಡಿದು ಮೆಲ್ಲಗೆ ನೆಟ್ಟಗೆ ಮಾಡಿ ಕೈ ಬಿಟ್ಟೆ. ತಲೆ ಅಲ್ಲೇ ನಿಂತಿತು. ಕಣ್ಣು ಮುಚ್ಚಲಿಲ್ಲ. ಟಾರ್ಚು ಹಚ್ಚಿ ಮುಂದೆ ಹಿಡಿದೆ.

"ಎಷ್ಟು ದೀಪ ಐತವ್ವ?"

ಅವಳು ತುಂಬ ಹೊತ್ತು ನೋಡಿದಳು. "ಒಂದೇ," ಎಂದಳು.

ಅಜ್ಜಿ ಕೈ ಮುಗಿದರು. ಸರ್ಜನ್ ಸಾಹೇಬರು ನನ್ನ ಹೆಸರು ಹಿಡಿದು ಏನೋ ಹೇಳಿದರು, ನನಗೆ ಕೇಳಿಸಲಿಲ್ಲ, ಏಕೆಂದರೆ ನಾನು ಹುಡುಗಿಯನ್ನೇ ನೋಡುತ್ತಿದ್ದೆ. ಅವಳು ನಗುತ್ತಿರಲಿಲ್ಲ. ನೆಟ್ಟಗೆ ಕೂತು ಅಪ್ಪನನ್ನು, ಬಾಗಿಲನ್ನು, ನರ್ಸನ್ನು, ಎದುರಿನ ಮಂಚದ ರೋಗಿಯನ್ನು ಒಂದೊಂದಾಗಿ ನೋಡುತ್ತಾ ಹೋದಳು. ಕೊನೆಗೆ ಅಜ್ಜಿಯ ಕಡೆ ತಿರುಗಿದಳು.

"ಅಜ್ಜಿ, ನಿಮಗೆಲ್ಲ ಯಾವಾಗ್ಲೂ ಹಿಂಗೇ ಕಾಣ್ತಿತ್ತಾ? ಒಂದೊಂದೇ?"

"ಹೂಂ ಕಣವ್ವ. ಇನ್ನೆಂಗೆ ಕಾಣ್ತತೆ?"

"ತಲೆ ನೆಟ್ಟಗಿಟ್ರೆ ಎಲ್ರಿಗೂ ಎರಡೆರಡೇ ಕಾಣ್ತಾವೆ, ನೀವೆಲ್ಲ ತಡ್ಕಂಡು ಹಂಗೇ ಇಟ್ಕಂತೀರಿ, ನನ್ನೊಬ್ಳ ಕೈಲೇ ಆಗಲ್ಲ, ಅದ್ಕೇ ಮೇಷ್ಟ್ರು ಹೊಡೀತಾರೆ ಅಂತ ಅನ್ಕಂಡಿದ್ದೆ," ಎಂದಳು ಕೆಂಚಮ್ಮ.